ಯಾರನ್ನು ಕಳಿಸುತ್ತಾರೆ, ಯಾರನ್ನು ಕಳಿಸುವುದಿಲ್ಲ

ಶಾಲೆಯಲ್ಲಿ ಮನಶ್ಶಾಸ್ತ್ರಜ್ಞರಿಗೆ ಯಾವ ಕೋಣೆ ಕೊಟ್ಟಿದ್ದಾರೆ ಎಂದು ನೋಡಿದರೆ ಸಾಕು, ಆ ಶಾಲೆಯವರಿಗೆ ಈ ಕೆಲಸ ಎಷ್ಟು ಅರ್ಥವಾಗಿದೆ ಎಂದು ಗೊತ್ತಾಗುತ್ತದೆ. ಪ್ರಿನ್ಸಿಪಾಲರ ಚೇಂಬರಿಗೆ ತಾಗಿಯೇ ಇದ್ದರೆ ಒಂದು ಮಗುವೂ ತಾನಾಗಿ ಬರುವುದಿಲ್ಲ. ಆ ಬಾಗಿಲ ಹತ್ತಿರ ನಿಂತವನು ಏನೋ ಕಿತಾಪತಿ ಮಾಡಿ ಸಿಕ್ಕಿಬಿದ್ದಿದ್ದಾನೆ ಎಂದೇ ಲೆಕ್ಕ. ಕಟ್ಟಡದ ಕಟ್ಟಕಡೆಯಲ್ಲಿ ಕೊಟ್ಟರೆ ಉದ್ದ ವರಾಂಡದಲ್ಲಿ ನಡೆದು ಹೋಗುವವರನ್ನು ಇಡೀ ಶಾಲೆ ಕಿಟಕಿಯಿಂದ ನೋಡುತ್ತದೆ. ನನಗೆ ಸಿಕ್ಕಿದ್ದು ಲೈಬ್ರರಿಯ ಒಳಗಿಂದ ಬಾಗಿಲಿರುವ ಸಣ್ಣ ಕೋಣೆ. ಮೊದಲು ಅಲ್ಲಿ ಹಳೆಯ ಪೇಪರ್ ಕಟ್ಟಿಡುತ್ತಿದ್ದರಂತೆ. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ಫೈಲುಗಳಿಗೆ ಬೂಸ್ಟು ಹಿಡಿಯುತ್ತದೆ. ಆದರೆ ಪುಸ್ತಕ ಹಿಂದೆ ಕೊಡುವ ನೆಪದಲ್ಲಿ ಯಾರು ಬೇಕಾದರೂ ಒಳಗೆ ಬರಬಹುದು, ಯಾರ ಕಣ್ಣಿಗೂ ಬೀಳುವುದಿಲ್ಲ. ಇದಕ್ಕಿಂತ ಒಳ್ಳೆಯ ಕೋಣೆ ನನಗೆ ಬೇಡ.

ಪ್ರೈಮರಿಯ ಮಕ್ಕಳಿಗೆ ನಾನು 'ಮಾತಾಡುವ ಮಿಸ್'. ಒಂಬತ್ತನೇ ಕ್ಲಾಸಿನ ಹುಡುಗರ ಭಾಷೆಯಲ್ಲಿ ಬಹಳ ದಿನ 'ಮಂಡೆ ಸಮ ಇಲ್ಲದವರ ಟೀಚರ್' ಆಗಿದ್ದೆ. ಕೆಲಸ ಉಡುಪಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ವಾರಕ್ಕೆ ಒಂದು ದಿನ ಅದೇ ಆಡಳಿತದ, ಮಲ್ಪೆ ಕಡೆಯ ಅನುದಾನಿತ ಕನ್ನಡ ಶಾಲೆಗೆ ಹೋಗುತ್ತೇನೆ. ಇಲ್ಲಿ ಬರುವ ಮಕ್ಕಳ ಗುರುತು ಸಿಗದ ಹಾಗೆ ಊರು, ಕ್ಲಾಸು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಒಂದೊಂದು ಕಡೆ ಇಬ್ಬರು ಮೂವರನ್ನು ಸೇರಿಸಿ ಒಬ್ಬರನ್ನಾಗಿ ಮಾಡಿದ್ದೂ ಉಂಟು. ಹಾಗಾಗಿ 'ಇದು ಇಂಥವರ ಮಗ ಅಲ್ವಾ' ಎಂದು ಯಾರೂ ಹುಡುಕಲು ಹೋಗಬೇಡಿ.

ನನ್ನ ಬಳಿಗೆ ಮಕ್ಕಳು ಬರುವುದು ಹೆಚ್ಚಾಗಿ ಒಂದು ಚೀಟಿಯ ಜೊತೆ. ಕ್ಲಾಸ್ ಟೀಚರ್ ಬರೆದ ಒಂದೆರಡು ಸಾಲು: 'ಎಲ್ಲರಿಗೂ ಹೊಡೆಯುತ್ತಾನೆ.' 'ಹೇಳಿದ್ದು ಕೇಳುವುದಿಲ್ಲ, ಹಠ.' 'ಹೋಮ್‌ವರ್ಕ್ ಮಾಡುವುದಿಲ್ಲ, ಸೋಮಾರಿ.' ಚೀಟಿಗಳನ್ನೆಲ್ಲ ರಾಶಿ ಹಾಕಿ ನೋಡಿದರೆ ಒಂದು ವಿಷಯ ಕಾಣುತ್ತದೆ. ಅದರಲ್ಲಿ ಇರುವುದು ಪಾಠಕ್ಕೆ ಅಡ್ಡಿ ಮಾಡುವ ಮಕ್ಕಳ ಹೆಸರು. ತಾವು ಒಳಗೊಳಗೇ ಕಷ್ಟಪಡುತ್ತ ಯಾರಿಗೂ ಅಡ್ಡಿ ಮಾಡದ ಮಕ್ಕಳ ಹೆಸರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಐವತ್ತು ಮಕ್ಕಳ ಕ್ಲಾಸಿನಲ್ಲಿ ನಿಂತು ಪೋರ್ಷನ್ ಮುಗಿಸಬೇಕಾದವರಿಗೆ ಗಲಾಟೆಯೇ ಮೊದಲು ಕೇಳಿಸುವುದು, ಅದಕ್ಕೆ ನಾನು ಟೀಚರುಗಳನ್ನು ದೂರುವುದಿಲ್ಲ. ಆದರೆ ಆ ಚೀಟಿಯನ್ನೇ ನಂಬಿ ಕೂತರೆ ನನ್ನ ಕೆಲಸ ಅರ್ಧಕ್ಕೇ ನಿಂತ ಹಾಗೆ.

ಹೊಡೆಯುವ ಹುಡುಗನ ಕತೆಯನ್ನೇ ಹೇಳುತ್ತೇನೆ. ಮಲ್ಪೆ ಕಡೆಯ ಶಾಲೆ, ಐದನೇ ಕ್ಲಾಸು. ಚೀಟಿಯಲ್ಲಿ 'ಮನೆಯಲ್ಲಿ ಏನೋ ಸಮಸ್ಯೆ ಇರಬೇಕು' ಎಂದು ಕಾರಣವನ್ನೂ ಬರೆದುಬಿಟ್ಟಿದ್ದರು. ನಾನು ಹುಡುಗನನ್ನು ಕರೆಯುವ ಮೊದಲು ಟೀಚರಿಗೆ ಒಂದು ಹಾಳೆ ಕೊಟ್ಟೆ. ಯಾವ ಪೀರಿಯಡ್, ಅದಕ್ಕೆ ಸ್ವಲ್ಪ ಮೊದಲು ಏನು ನಡೆಯುತ್ತಿತ್ತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಇಷ್ಟೇ ನಾಲ್ಕು ಕಾಲಂ. ಮನಶ್ಶಾಸ್ತ್ರ ಓದಿದವರಿಗೆಲ್ಲ ಗೊತ್ತಿರುವ ಹಳೆಯ ಪದ್ಧತಿ.

"ಇದನ್ನು ಬರೆಯುವ ಹೊತ್ತಿಗೆ ಒಂದು ಪಾಠ ಮುಗೀತದೆ ಮಾರಾಯ್ರೆ," ಎಂದರು ಟೀಚರ್. ಅವರ ಮಾತು ಸುಳ್ಳಲ್ಲ. ಬಿಸಿಯೂಟದ ಲೆಕ್ಕ, ಹಾಲು, ಮೊಟ್ಟೆ, ಬಾಳೆಹಣ್ಣು, ಮಕ್ಕಳ ವಿವರವನ್ನು ಸ್ಯಾಟ್ಸ್ ಎನ್ನುವ ಸರ್ಕಾರಿ ಆನ್‌ಲೈನ್ ದಾಖಲೆಯಲ್ಲಿ ತುಂಬುವುದು, ನಡುವೆ ಬಂದರೆ ಚುನಾವಣೆಯ ಕೆಲಸ. ಆದರೂ ಬರೆದರು. ಎರಡು ವಾರದ ಮೇಲೆ ಹಾಳೆ ನೋಡಿದಾಗ ಇಬ್ಬರಿಗೂ ಮಾತು ಬೇಕಾಗಲಿಲ್ಲ. ಹೊಡೆದಾಟಗಳಲ್ಲಿ ಹೆಚ್ಚಿನವು ಕನ್ನಡ ಪೀರಿಯಡ್ಡಿನಲ್ಲೇ ಆಗಿದ್ದವು. ಅದೂ ಸಾಲಾಗಿ ಒಬ್ಬೊಬ್ಬರೇ ನಿಂತು ಗಟ್ಟಿಯಾಗಿ ಓದುವ ದಿನ. ಇವನ ಸರದಿ ಬರಲು ಇನ್ನು ಇಬ್ಬರೋ ಮೂವರೋ ಇದ್ದಾರೆ ಎನ್ನುವಾಗ ಪಕ್ಕದವನಿಗೆ ಪೆಟ್ಟು. ಆಮೇಲೆ ಏನಾಯಿತು ಎನ್ನುವ ಕಾಲಮ್ಮಿನಲ್ಲಿ ಪ್ರತಿ ಸಲವೂ ಒಂದೇ ಉತ್ತರ: 'ಹೊರಗೆ ನಿಲ್ಲಿಸಿದೆ.' ಹೊರಗೆ ನಿಂತವನು ಓದಬೇಕಾಗಿಲ್ಲ.

ಹುಡುಗನನ್ನು ಕೂರಿಸಿ ಪಾಠಪುಸ್ತಕ ಕೊಟ್ಟೆ. ಬೆರಳಿಟ್ಟು ಓದಿದ. 'ಮನೆ', 'ಮರ', 'ಕಡಲು' ಎಲ್ಲ ಸರಿಯೇ. 'ವಿದ್ಯಾರ್ಥಿ' ಬಂದಾಗ ಬೆರಳು ನಿಂತಿತು. 'ವಿ… ವಿದ… ವಿದಾರಿ' ಎಂದು ನನ್ನ ಮುಖ ನೋಡಿದ. 'ರಾಷ್ಟ್ರ'ದ ಹತ್ತಿರ ಬಂದಾಗ ಬೆರಳನ್ನು ಆ ಶಬ್ದದ ಮೇಲಿಂದ ಹಾರಿಸಿ ಮುಂದಿನ ಸಾಲಿಗೇ ಹೋದ. ಆಮೇಲೆ ಪುಸ್ತಕ ಮುಚ್ಚಿ ಆ ಪಾಠದ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಕ್ಲಾಸಿನಲ್ಲಿ ಕೇಳಿದ್ದೇ ನೆನಪಿತ್ತು. ಯಕ್ಷಗಾನದ ಆಟ ನೋಡುತ್ತೀಯಾ ಎಂದು ಕೇಳಿದೆ. ಅಜ್ಜನ ಜೊತೆ ಕಟೀಲು ಮೇಳದ ಆಟಕ್ಕೆ ಹೋಗಿ ಬೆಳಗಿನವರೆಗೆ ಕೂರುತ್ತಾನಂತೆ. ಮಹಿಷಾಸುರ ಜನರ ನಡುವಿನಿಂದ ಬರುವುದನ್ನು ನನ್ನ ಮೇಜಿನ ಸುತ್ತ ಕುಣಿದು ತೋರಿಸಿದ. ಮಾತುಗಾರಿಕೆಯನ್ನೂ ಬಿಡಲಿಲ್ಲ. ಇಂಥವನನ್ನು ಯಾರು ದಡ್ಡ ಎನ್ನುತ್ತಾರೆ?

ಇಲ್ಲಿ ಕನ್ನಡದ ವಿಷಯ ಸ್ವಲ್ಪ ಹೇಳಬೇಕು. ಕಲಿಕೆಯ ತೊಂದರೆ ಬಗ್ಗೆ ನಾವು ಓದುವ ಪುಸ್ತಕಗಳೆಲ್ಲ ಇಂಗ್ಲಿಷ್ ಕಲಿಯುವ ಮಕ್ಕಳನ್ನು ನೋಡಿ ಬರೆದವು. ಅಲ್ಲಿ ಇರುವುದು 26 ಅಕ್ಷರ, ಕಷ್ಟವೆಲ್ಲ ಸ್ಪೆಲಿಂಗಿನಲ್ಲಿ. ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ, ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಮನಶ್ಶಾಸ್ತ್ರಜ್ಞೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತ್ತು: ಕನ್ನಡ ಓದುವ ಮಕ್ಕಳಲ್ಲಿ ಅಕ್ಷರ ಕಲಿಯುವ ಕೆಲಸ ಒಂದನೇ ಕ್ಲಾಸಿಗೆ ಮುಗಿಯುವುದಿಲ್ಲ, ಇನ್ನೂ ಕೆಲವು ವರ್ಷ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಎರಡನೇ ಕ್ಲಾಸಿನ ಮಗು ಒತ್ತಕ್ಷರದಲ್ಲಿ ಎಡವಿದರೆ ನಾನು ಗಾಬರಿಯಾಗುವುದಿಲ್ಲ. ಐದನೇ ಕ್ಲಾಸಿನಲ್ಲೂ ಶಬ್ದವನ್ನೇ ಹಾರಿ ಹೋಗುತ್ತಿದ್ದರೆ ಸುಮ್ಮನಿರುವುದೂ ಇಲ್ಲ. ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿದ್ದು ಶಾಲೆಗೆ ಬಂದ ಮೇಲೆಯೇ ಕನ್ನಡ ಕಲಿತ ಮಗುವಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎಲ್ಲಕ್ಕಿಂತ ಮೊದಲು ಕಣ್ಣು, ಕಿವಿ. ಅಮೆರಿಕದಲ್ಲಿ ಲೈಟ್ನರ್ ವಿಟ್ಮರ್ 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಮನಶ್ಶಾಸ್ತ್ರ ಚಿಕಿತ್ಸಾಲಯ ತೆರೆದಾಗ ಬಂದ ಮೊದಲ ಹುಡುಗನೂ ಸ್ಪೆಲಿಂಗ್ ಬಾರದವನೇ. ಕರೆದುಕೊಂಡು ಬಂದದ್ದು ಅವನ ಟೀಚರ್. ನೋಡಿದರೆ ಅವನಿಗೆ ಕಣ್ಣಿನ ದೋಷವೂ ಇತ್ತು. ನಮ್ಮಲ್ಲಿಯೂ ಕನ್ನಡಕ ಬಂದ ಮೇಲೆ 'ಹಠ' ಬಿಟ್ಟ ಮಕ್ಕಳಿದ್ದಾರೆ. ಆದರೆ ಇವನ ಕಣ್ಣು ಕಿವಿ ಎರಡೂ ಸರಿಯಿದ್ದವು.

ಮುಂದಿನದ್ದು ಪರೀಕ್ಷೆ, ಸರ್ಟಿಫಿಕೇಟು. ಅದನ್ನು ಕೊಡುವ ಅಧಿಕಾರ ನನಗಿಲ್ಲ, ಇರಬಾರದು ಕೂಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಅಂದರೆ ಬುದ್ಧಿ ಇದ್ದೂ ಓದು, ಬರಹ, ಲೆಕ್ಕದಲ್ಲಿ ಎಡವುವುದು. 2018ರಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ ಮಗುವಿಗೆ ಎಂಟು ವರ್ಷ ತುಂಬಿರಬೇಕು, ಮಕ್ಕಳ ಡಾಕ್ಟರು ನೋಡಬೇಕು, ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮಾಡಬೇಕು. ನಾನು ಮಾಡುವುದು ಅಲ್ಲಿಯವರೆಗೆ ಕರೆದುಕೊಂಡು ಹೋಗಿ ಮುಟ್ಟಿಸುವ ಕೆಲಸ. ಅದೇ ಎಲ್ಲಕ್ಕಿಂತ ಕಷ್ಟ. "ಅಂಗವಿಕಲ ಅಂತ ಬರೆದು ಕೊಡ್ತಾರಾ? ನಾಳೆ ಮದುವೆಗೆ ಕೇಳುವಾಗ ತೊಂದರೆ ಆಗ್ಲಿಕ್ಕಿಲ್ವಾ ಮಿಸ್?" ಎಂದು ತಾಯಿ ಕೇಳಿದರು. ಹುಡುಗನಿಗೆ ಹತ್ತು ವರ್ಷ! ನಗು ಬಂತು, ಆದರೆ ನಗುವ ಹಾಗಿರಲಿಲ್ಲ, ಅವರ ಮಂಡೆಬಿಸಿ ಅವರಿಗೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ, ಬರೆಯಲು ಒಬ್ಬರ ಸಹಾಯ ಇವೆಲ್ಲ ಆ ಕಾಗದ ಇದ್ದರೆ ಮಾತ್ರ ಸಿಗುತ್ತದೆ ಎಂದು ಹೇಳಿದೆ. "ಅವರು ಬರಲಿ, ಕೇಳಿ ಹೇಳ್ತೇನೆ," ಎಂದರು.

'ಅವರು' ಎಂದರೆ ಗಂಡ, ಆಳಸಮುದ್ರದ ಬೋಟಿನಲ್ಲಿ. ಮಲ್ಪೆಯ ಮಕ್ಕಳ ತಂದೆಯರನ್ನು ಭೇಟಿ ಮಾಡಬೇಕಾದರೆ ಜೂನ್, ಜುಲೈಗೆ ಕಾಯಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ಬಂದರಿನ ದಕ್ಕೆಯಲ್ಲಿ. ಆಗಸ್ಟಿನಲ್ಲಿ ಮತ್ತೆ ಕಡಲಿಗಿಳಿದರೆ ಒಂದು ಟ್ರಿಪ್ಪಿಗೆ ಹತ್ತು ದಿನ ದಾಟುತ್ತದೆ. ಹಾಗಾಗಿ ಆ ಶಾಲೆಯಲ್ಲಿ ಪೋಷಕರ ಸಭೆಯನ್ನು ಜುಲೈಗೆ ಮೊದಲೇ ಮುಗಿಸಿಬಿಡಿ ಎಂದು ನಾನು ಹೇಳುತ್ತಿರುತ್ತೇನೆ. ದಸರೆಯ ಹೊತ್ತಿಗೆ ಇಟ್ಟರೆ ಬರುವುದು ಅಮ್ಮಂದಿರು ಮಾತ್ರ, ಆಮೇಲೆ 'ತಂದೆಯರಿಗೆ ಆಸಕ್ತಿ ಇಲ್ಲ' ಎಂದು ಸ್ಟಾಫ್‌ರೂಮಿನಲ್ಲಿ ಮಾತು. ಈ ತಂದೆ ಜೂನಿನ ಒಂದು ಮಳೆಯ ದಿನ ಬಂದರು. ನಾನು ಹೇಳುವುದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. "ನಾನೂ ಹೀಗೇ ಟೀಚರ್. ಪೆಟ್ಟು ತಿಂದು ತಿಂದು ಆರನೇ ಕ್ಲಾಸಿಗೆ ಬಿಟ್ಟದ್ದು," ಎಂದರು. ಜಿಪಿಎಸ್ಸು, ಫಿಶ್ ಫೈಂಡರ್ ಎಲ್ಲ ನೋಡಿ ಬೋಟು ನಡೆಸುವ ಮನುಷ್ಯ. ಓದಿನ ಈ ತೊಂದರೆ ಮನೆತನದಲ್ಲಿ ಹರಿದು ಬರುವುದು ಸಾಮಾನ್ಯ ಎಂದು ಹೇಳಿದೆ. ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಯಾವ ದಿನ ಹೋಗಬೇಕು ಎಂದು ಅವರೇ ಕೇಳಿದರು.

ಕಾಗದ ಬರಲು ತಿಂಗಳುಗಳೇ ಹಿಡಿದವು. ಅದಕ್ಕೆ ಕಾಯದೆ ಟೀಚರ್ ಒಂದು ಉಪಾಯ ಮಾಡಿದ್ದರು. ಹಿಂದಿನ ದಿನವೇ 'ನಾಳೆ ನೀನು ಈ ಮೂರು ಸಾಲು ಓದುವುದು' ಎಂದು ಅವನಿಗೆ ಹೇಳಿಬಿಡುತ್ತಿದ್ದರು. ಮನೆಯಲ್ಲಿ ಅಕ್ಕನ ಹತ್ತಿರ ಹೇಳಿಸಿಕೊಂಡು ಬರುತ್ತಿದ್ದ. ಸಮಾಜ ವಿಜ್ಞಾನದ ಉತ್ತರವನ್ನು ಬಾಯಲ್ಲಿ ಕೇಳಿ ಅಂಕ ಕೊಡತೊಡಗಿದರು. ಹೊಡೆದಾಟ ಪೂರ್ತಿ ನಿಂತಿತಾ? ಇಲ್ಲ. ಈಗಲೂ ಆಟದ ಬಯಲಿನಲ್ಲಿ ಕೈ ಎತ್ತುತ್ತಾನೆ. ಕನ್ನಡ ಪೀರಿಯಡ್ಡಿನಲ್ಲಿ ಹೊರಗೆ ನಿಲ್ಲುವುದು ಮಾತ್ರ ನಿಂತಿದೆ. ಇದರಲ್ಲಿ ನನ್ನ ಪಾಲು ಆ ಒಂದು ಹಾಳೆ, ಉಳಿದದ್ದೆಲ್ಲ ಟೀಚರದ್ದು. ಜನ ತಿಳಿದುಕೊಂಡ ಹಾಗೆ ಬಾಗಿಲು ಹಾಕಿಕೊಂಡು ಮಗುವಿಗೆ ಬುದ್ಧಿ ಹೇಳುವುದರಿಂದ ಆಗುವ ಕೆಲಸ ಇದರಲ್ಲಿ ಬಹಳ ಸ್ವಲ್ಪ. 'ನಿನಗೆ ಏನಾಗಿದೆ' ಎಂದು ಮಗುವನ್ನು ಕೇಳುವ ಮೊದಲು 'ಯಾವಾಗ ಆಗುತ್ತದೆ, ಯಾರ ಎದುರು ಆಗುತ್ತದೆ' ಎಂದು ದೊಡ್ಡವರು ನೋಡಬೇಕು. ನೋಡುವ ಹಾಗೆ ಮಾಡುವುದಕ್ಕೇ ನನಗೆ ಸಂಬಳ.

ಇನ್ನೊಂದು ಬಗೆ ಸೋಮವಾರದ ಹೊಟ್ಟೆನೋವು. ಏಳನೇ ಕ್ಲಾಸಿನ ಹುಡುಗಿ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮುಗಿದು ಏನೂ ಇಲ್ಲ ಎಂದಾಗಿತ್ತು. ಆದರೂ ನೋವು ಸುಳ್ಳಲ್ಲ. ಹೆದರಿಕೆಗೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ, ಇದನ್ನು ಮನೆಯವರಿಗೆ ಒಪ್ಪಿಸುವುದೇ ಮೊದಲ ಕೆಲಸ. ತಂದೆ ದುಬೈಯಲ್ಲಿ. ಅಲ್ಲಿ ವಾಟ್ಸಾಪ್ ಕಾಲ್ ನಡೆಯುವುದಿಲ್ಲವೆಂದು ಅಮ್ಮ ಬೋಟಿಮ್‌ನಲ್ಲಿ ಹಚ್ಚಿ ಫೋನನ್ನು ನನ್ನ ನೀರಿನ ಬಾಟಲಿಗೆ ಒರಗಿಸಿ ಇಟ್ಟರು. ಇಲ್ಲಿ ಸಂಜೆ ನಾಲ್ಕು, ಅಲ್ಲಿ ಎರಡೂವರೆ, ಊಟದ ಬಿಡುವಿನಲ್ಲಿ ಕೂತಿದ್ದರು. ಜೊತೆಗೆ ಬಂದ ಅಜ್ಜಿ ಹೇಳಿದರು: "ನಾಗನದ್ದು ಉಂಟಂತೆ. ಆಶ್ಲೇಷಾ ಬಲಿ ಮಾಡಿಸ್ಲಿಕ್ಕೆ ಹೇಳಿದ್ದಾರೆ. ಅದು ಮುಗಿಯುವವರೆಗೆ ಶಾಲೆ ಬೇಡ."

ಓದಿ ಬಂದ ಹೊಸತರಲ್ಲಿರುವವರು ಇಲ್ಲಿ ವಾದಕ್ಕೆ ಇಳಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಬೇಡದ ಜಗಳ. ನಾಗದೋಷದ ಆ ಪೂಜೆಗೆ ಸುಬ್ರಹ್ಮಣ್ಯಕ್ಕೆ ಹೋಗಿ ಬರಲಿ, ಮನೆಯವರ ಧೈರ್ಯ ಅಲ್ಲಿ ಸಿಗುವುದಾದರೆ ಸಿಗಲಿ. ನಾನು ಬೇಡ ಎನ್ನುವುದು ಒಂದನ್ನೇ, ಶಾಲೆ ತಪ್ಪಿಸುವುದನ್ನು. ಹೆದರಿದ ಜಾಗದಿಂದ ದೂರ ಇದ್ದಷ್ಟೂ ಹೆದರಿಕೆ ಬೆಳೆಯುತ್ತದೆ. ಒಂದು ವಾರ ಮನೆಯಲ್ಲಿದ್ದ ಮಗುವನ್ನು ಮತ್ತೆ ಗೇಟು ದಾಟಿಸುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. "ಅಜ್ಜಿ, ಬಲಿ ನಡೆಯಲಿ. ಅಷ್ಟರವರೆಗೆ ದಿನಕ್ಕೆ ಎರಡೇ ಪೀರಿಯಡ್ ಬಂದು ಹೋಗಲಿ. ಲೈಬ್ರರಿಯಲ್ಲೇ ಕೂರಲಿ, ಸಾಕು," ಎಂದೆ. ಫೋನಿನಲ್ಲಿದ್ದ ತಂದೆ, "ಅಮ್ಮ, ಟೀಚರ್ ಹೇಳಿದ ಹಾಗೆ ಆಗ್ಲಿ," ಎಂದದ್ದು ಸಹಾಯವಾಯಿತು. ಎರಡು ಪೀರಿಯಡ್ ಮೂರಾಯಿತು, ಮಧ್ಯಾಹ್ನದ ಊಟದವರೆಗೆ ಆಯಿತು. ಹೆದರಿಕೆ ಎಲ್ಲಿಂದ ಎನ್ನುವುದು ನಿಧಾನಕ್ಕೆ ಹೊರಬಂತು. ಸ್ಕೂಲ್ ವ್ಯಾನಿನಲ್ಲಿ ಹಿಂದಿನ ಸೀಟಿನ ಹುಡುಗಿಯರು ಅವಳ ಬಗ್ಗೆ ಒಂದು ಗ್ರೂಪ್ ಮಾಡಿದ್ದರು, ಅವಳನ್ನು ಬಿಟ್ಟು. ವ್ಯಾನಿನಲ್ಲಿ ಸೀಟು ಬದಲಿಸುವುದು, ಆ ಹುಡುಗಿಯರ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡುವುದು ಆಮೇಲಿನ ಕೆಲಸ. ನಾಗನ ಕೆಲಸವೂ ಮುಗಿಯಿತು, ಇದೂ ಮುಗಿಯಿತು. ಯಾವುದರಿಂದ ಸರಿಯಾಯಿತು ಎಂದು ಅಜ್ಜಿಯ ಜೊತೆ ಲೆಕ್ಕ ಹಾಕಲು ನಾನು ಹೋಗಿಲ್ಲ.

ಇವರೆಲ್ಲ ಹೇಗೋ ಕಣ್ಣಿಗೆ ಬಿದ್ದ ಮಕ್ಕಳು. ನನಗೆ ಹೆಚ್ಚು ಚಿಂತೆ ಬೀಳದವರದ್ದು.

ನಮ್ಮದು ರಿಸಲ್ಟಿನ ಜಿಲ್ಲೆ. 2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ ಶೇ 93.90 ಪಡೆದು ರಾಜ್ಯಕ್ಕೆ ಮೊದಲು, ಶೇ 93.57ರಲ್ಲಿ ದಕ್ಷಿಣ ಕನ್ನಡ ಎರಡನೆಯದು. ಅದೇ ವರ್ಷದ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಮೇಲೆ, ಉಡುಪಿ ಅದರ ಹಿಂದೆ. ಹೆಚ್ಚಿನ ವರ್ಷ ಈ ಎರಡು ಜಿಲ್ಲೆಗಳ ನಡುವೆಯೇ ಕಂಬಳ. ಹೆಮ್ಮೆಯ ವಿಷಯವೇ, ನನಗೂ ಇದೆ. ಆದರೆ ಇಲ್ಲಿ ಫೇಲಾಗುವ ಮಗು ಎಷ್ಟು ಒಂಟಿಯಾಗುತ್ತದೆ ಎಂದು ಯೋಚಿಸಿ. ನೂರರಲ್ಲಿ ಆರೋ ಏಳೋ ಜನ, ಉಳಿದವರೆಲ್ಲ ಸ್ವೀಟ್ ಹಂಚುತ್ತಿರುತ್ತಾರೆ. 2024ರಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆ ಬರೆಯುವ ಅವಕಾಶ ಬಂದದ್ದು ನಿಜಕ್ಕೂ ಒಳ್ಳೆಯದಾಯಿತು. ಫಲಿತಾಂಶದ ದಿನ ಕೈಯಲ್ಲಿ ಹಿಡಿದು ತೋರಿಸಲು 'ಪರೀಕ್ಷೆ 2' ಎನ್ನುವ ಒಂದು ದಿನಾಂಕ ಇರುತ್ತದೆ.

ಪಾಸಾಗುವವರ ಕಷ್ಟ ಇನ್ನೂ ಬೇರೆ. ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಸ್ವಲ್ಪ ಸೊಟ್ಟಗಾದರೆ ಹಾಳೆ ಹರಿದು ಮತ್ತೆ ಬರೆಯುತ್ತಿದ್ದಳು, ರಾತ್ರಿ ಒಂದು ಗಂಟೆಯವರೆಗೆ. ಟೀಚರುಗಳು ಅವಳ ನೋಟ್ಸನ್ನು ಬೇರೆಯವರಿಗೆ ತೋರಿಸಿ ಹೊಗಳುತ್ತಿದ್ದರು. ಯಾವ ಚೀಟಿಯಲ್ಲೂ ಅವಳ ಹೆಸರು ಬರುವ ಹಾಗಿರಲಿಲ್ಲ. ಲೈಬ್ರರಿಗೆ ಬಂದವಳು ಒಂದು ದಿನ ಬಾಗಿಲಲ್ಲಿ ನಿಂತು, "ಮಿಸ್, ನಿದ್ರೆ ಬಾರದಿದ್ದರೆ ಎಂತ ಮಾಡುದು?" ಎಂದು ಕೇಳಿದ್ದರಿಂದ ಗೊತ್ತಾಯಿತು. ಅಂಥವರಿಗಾಗಿ ಈಗ ಹೈಸ್ಕೂಲಿನ ಕ್ಲಾಸ್ ಟೀಚರುಗಳ ಹತ್ತಿರ ಇನ್ನೊಂದು ಪಟ್ಟಿ ಕೇಳುತ್ತೇನೆ. ಗಲಾಟೆಯವರ ಹೆಸರು ಬೇಡ, ಈ ತಿಂಗಳು ನೀವು ಯಾರ ಜೊತೆ ಒಂದು ಮಾತೂ ಆಡಿಲ್ಲ, ಅವರ ಹೆಸರು ಬರೆಯಿರಿ. ಮೊದಲ ಸಲ ಕೇಳಿದಾಗ ಮೂವತ್ತು ವರ್ಷ ಪಾಠ ಮಾಡಿದ ಒಬ್ಬರು ಸರ್, "ಇದೆಂತ ಪರೀಕ್ಷೆ ನಮಗೆ?" ಎಂದು ನಕ್ಕರು. ಆಮೇಲೆ ಅಟೆಂಡೆನ್ಸ್ ಪುಸ್ತಕ ತೆಗೆದು ಒಂದೊಂದೇ ಹೆಸರಿನ ಮೇಲೆ ಪೆನ್ನು ಇಡುತ್ತ ಬಹಳ ಹೊತ್ತು ಕೂತರು.

ಮಕ್ಕಳು ಹೇಳಿದ್ದನ್ನು ನಾನು ಯಾರಿಗೂ ಹೇಳುವುದಿಲ್ಲ, ಮೂರು ಸಂದರ್ಭ ಬಿಟ್ಟು. ನಿನಗೆ ನೀನೇ ಏನಾದರೂ ಮಾಡಿಕೊಳ್ಳುವ ಹಾಗಿದ್ದರೆ, ನೀನು ಬೇರೆಯವರಿಗೆ ಅಪಾಯ ಮಾಡುವ ಹಾಗಿದ್ದರೆ, ನಿನಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ. ಕೊನೆಯದರಲ್ಲಿ ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಆಯ್ಕೆ ಎನ್ನುವುದೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. 'ಶಾಲೆಯ ಹೆಸರು', 'ಮನೆಯ ಮರ್ಯಾದೆ' ಎನ್ನುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಸಾಯುವ ಯೋಚನೆ ಬರುತ್ತದಾ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಎಂದು ಬಹಳ ಪೋಷಕರು, ಟೀಚರುಗಳು ನಂಬಿದ್ದಾರೆ. ಹಾಗಾಗುವುದಿಲ್ಲ. ಕೇಳಿದರೆ ಮಗುವಿಗೆ ಹೇಳಲು ಜಾಗ ಸಿಗುತ್ತದೆ. ರಾತ್ರಿ ಹೊತ್ತು ನಾನು ಸಿಗಲಿಕ್ಕಿಲ್ಲ, ಅದಕ್ಕೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416, ಮಕ್ಕಳ ಸಹಾಯವಾಣಿ 1098 ಎರಡನ್ನೂ ಹೈಸ್ಕೂಲಿನ ಡೈರಿಯ ಮೊದಲ ಪುಟದಲ್ಲಿ ಅಚ್ಚು ಹಾಕಿಸಿದ್ದೇವೆ. ನೋಟಿಸ್ ಬೋರ್ಡಿನಲ್ಲಿದ್ದರೆ ಎಲ್ಲರ ಎದುರು ನಿಂತು ಬರೆದುಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ.

2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಒಬ್ಬರಾದರೂ ಇರಬೇಕು. ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡಬಾರದು, ಎಲ್ಲರ ಎದುರು ಅವಮಾನ ಮಾಡಬಾರದು ಎಂದೂ ಅದರಲ್ಲಿದೆ. ಮೊದಲನೆಯದನ್ನು ಆಡಳಿತದವರು ಬೇಗ ಮಾಡಿಯಾರು. ಎರಡನೆಯದು ಕಷ್ಟ. ರಿಸಲ್ಟ್ ಬಂದ ಮರುದಿನ ಉಡುಪಿಯ ಸಿಟಿ ಬಸ್ ಸ್ಟ್ಯಾಂಡಿನಿಂದ ಕಲ್ಸಂಕದವರೆಗೆ ಹೋದರೆ ಎಷ್ಟು ಫ್ಲೆಕ್ಸ್ ಕಾಣುತ್ತದೆ ಎಣಿಸಿ ನೋಡಿ.

ನೇಮಕ ಮಾಡುವವರಿಗೆ ನನ್ನದೊಂದು ಮಾತು ಇದೆ. ಹೊಸಬರು ಬಂದ ಕೂಡಲೇ ರಜೆ ಹಾಕಿದ ಟೀಚರ ಪೀರಿಯಡ್ಡಿಗೆ ಕಳಿಸಬೇಡಿ, ಸ್ಕೂಲ್ ಡೇ ಡ್ಯಾನ್ಸಿನ ಜವಾಬ್ದಾರಿ ಕೊಡಬೇಡಿ. ಬೆಳಿಗ್ಗೆ 'ಸಾಲಾಗಿ ನಿಲ್ಲು' ಎಂದು ಗದರಿದವರ ಹತ್ತಿರ ಮಧ್ಯಾಹ್ನ ಬಂದು ಯಾವ ಹುಡುಗನೂ ಮನಸ್ಸು ಬಿಚ್ಚುವುದಿಲ್ಲ. ನಮ್ಮಲ್ಲಿ ಇದೊಂದು ತೀರ್ಮಾನವಾಗಲು ಎರಡು ಮೀಟಿಂಗ್ ಬೇಕಾಯಿತು. ಈಗ ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆಯ ವಾರ ನನಗೆ ಸೂಪರ್‌ವಿಷನ್ ಇಲ್ಲ. ತಲೆಸುತ್ತು, ವಾಂತಿ, ಹೊಟ್ಟೆನೋವು ಎಂದು ಬರುವವರೆಲ್ಲ ಮೊದಲು ಹೋಗುವುದು ಸಿಕ್ ರೂಮಿಗೆ, ಹಾಗಾಗಿ ಆ ವಾರ ನಾನೂ ಅಲ್ಲೇ ಕೂರುತ್ತೇನೆ.